ಯಾವ ಜಿಂಕೆಗೆ ಈಡು, ಯಾವುದನ್ನು ಬಿಡಬೇಕು? ಪೆನ್ಸಿಲ್ವೇನಿಯಾದ ಒಂದು ಚದರ ಮೈಲಿಯ ಲೆಕ್ಕ

ಸಸ್ಕ್ವೆಹಾನ್ನ ಸಿದ್ದು
ನಾಲ್ಕು ಮನೆಯವರ ಜಮೀನು ಸೇರಿ 640 ಎಕರೆ, ಅಂದರೆ ಒಂದು ಚದರ ಮೈಲಿ. ಪೆನ್ಸಿಲ್ವೇನಿಯಾದ ಉತ್ತರ-ಮಧ್ಯ ಭಾಗ. ಮುಕ್ಕಾಲು ಪಾಲು ಕಾಡು, ಉಳಿದದ್ದು ಮೆಕ್ಕೆಜೋಳ ಮತ್ತು ಹುಲ್ಲು. ಬಿಳಿಬಾಲದ ಜಿಂಕೆ ವಿಚಾರದಲ್ಲಿ ನಾಲ್ಕು ಮನೆಗೆ ನಾಲ್ಕು ಮಾತು. ಒಬ್ಬರಿಗೆ ಹೆಣ್ಣು ಮುಟ್ಟಬಾರದು. ಇನ್ನೊಬ್ಬರಿಗೆ ಕಡ್ಡಿಕೊಂಬಿನ (ಕೊಂಬು ಕವಲೊಡೆಯದ) ಗಂಡು ತಳಿ ಕೆಡಿಸುತ್ತೆ, ಮೊದಲು ಅದನ್ನೇ ತೆಗೀಬೇಕು. ಮೂರನೆಯವರು ನಾಲ್ಕು ವರ್ಷ ತುಂಬದ ಗಂಡಿಗೆ ಕೋವಿ ಎತ್ತಬೇಡಿ ಅಂತಾರೆ. ನಾಲ್ಕನೆಯವರಿಗೆ ಟ್ಯಾಗ್ (ಹೊಡೆದ ಜಿಂಕೆಗೆ ಕಟ್ಟೋ ಪರವಾನಗಿ ಚೀಟಿ) ಇರೋದೇ ತುಂಬಿಸೋಕೆ. ಯಾವ ಮಾತಿಗೆ ಆಧಾರ ಇದೆ, ಯಾವುದಕ್ಕೆ ಇಲ್ಲ? ಸಂಖ್ಯೆ ಸಮೇತ ಬರೆಯಿರಿ.

ಅಲೆಗೇನಿ ಅಟ್ಟಣೆ
ಜಿಂಕೆ ಎಣಿಸೋ ಮೊದಲು ಕಾಡಿನ ನೆಲ ನೋಡಿ ಸಿದ್ದು ಅವರೇ. ಮೊಣಕಾಲಿಂದ ಎದೆಮಟ್ಟದವರೆಗೆ ಓಕ್, ಮೇಪಲ್ ಸಸಿ ಇವೆಯಾ? ಇಲ್ಲ ಬರೀ ಜರೀಗಿಡ, ಬೀಚ್ ಪೊದೆನಾ? ಜಿಂಕೆಗೆ ರುಚಿಸದ ಗಿಡ ಮಾತ್ರ ಉಳಿದಿದ್ದರೆ ಆ ನೆಲಕ್ಕೆ ಹಿಂಡು ಭಾರವಾಗಿದೆ ಅಂತ ಅರ್ಥ, ಕಣ್ಣಿಗೆ ಎಷ್ಟೇ ಕಡಿಮೆ ಬೀಳಲಿ.

ಅಲೆಗೇನಿ ಪ್ರಸ್ಥಭೂಮಿಯಲ್ಲಿ ಅಮೆರಿಕದ ಅರಣ್ಯ ಸೇವೆಯವರು ಬೇಲಿಯೊಳಗೆ ಚದರ ಮೈಲಿಗೆ 10, 20, 38, 64ರ ಲೆಕ್ಕದಲ್ಲಿ ಜಿಂಕೆ ಬಿಟ್ಟು 10 ವರ್ಷ ಗಮನಿಸಿದ್ದಾರೆ. 20 ದಾಟಿದ ಕಡೆಗಳಲ್ಲಿ ಸಸಿಯ ಜಾತಿಗಳು ಕಮ್ಮಿಯಾಗುತ್ತಾ ಬಂದು, ಕೊನೆಗೆ ಕಪ್ಪು ಚೆರಿ ಮತ್ತು ಜರೀಗಿಡದ ಪಾರುಪತ್ಯ. ಜರೀಗಿಡ ಒಮ್ಮೆ ಹಾಸಿಕೊಂಡರೆ ಅದರ ನೆರಳಲ್ಲಿ ಓಕ್ ಮೊಳಕೆ ಏಳಲ್ಲ. ಆಮೇಲೆ ಜಿಂಕೆ ಅರ್ಧ ಮಾಡಿದರೂ ಕಾಡು ಬೇಗ ತಿರುಗಿ ಬರಲ್ಲ. "ಹೆಣ್ಣು ಹೊಡೆದದ್ದೇ ಬಂತು, ಕಾಡು ಬೆಳೀಲಿಲ್ಲ" ಅನ್ನೋ ದೂರು ಹುಟ್ಟೋದು ಇಲ್ಲಿಂದ. ಅಂಥ ಕಡೆ ಜರೀಗಿಡ ತೆಗೆಯೋ ಕೆಲಸವೂ ಜೊತೆಗೇ ಆಗಬೇಕು.

ಪರೀಕ್ಷೆ ಸುಲಭ. 10 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಎತ್ತರದ ತಂತಿ ಬಲೆ ಕಟ್ಟಿ. ಅಷ್ಟು ಇಕ್ಕಟ್ಟಿನ ಜಾಗಕ್ಕೆ ಜಿಂಕೆ ಹಾರಲ್ಲ. ಬಿಸಿಲು ಬೀಳೋ ಕಡೆ ಒಂದು, ದಟ್ಟ ನೆರಳಲ್ಲಿ ಒಂದು. ಎರಡು ಬೇಸಿಗೆ ಕಳೆದ ಮೇಲೆ ಒಳಗೆ-ಹೊರಗೆ ಹೋಲಿಸಿ. ಒಳಗೂ ಏನೂ ಬಂದಿಲ್ಲ ಅಂದ್ರೆ ತೊಂದರೆ ಬೆಳಕಿನದು ಅಥವಾ ಮಣ್ಣಿನದು, ಜಿಂಕೆಯನ್ನು ದೂರಬೇಡಿ.

ಕವಲುಗೊಂಬು
ಮೇಡಂ ಹೇಳಿದ್ದಕ್ಕೆ ಸಂಖ್ಯೆ ಸೇರಿಸ್ತೀನಿ. ಉದಾಹರಣೆಗೆ ಬೇಟೆ ಶುರುವಾಗೋ ಮುಂಚೆ ನಿಮ್ಮಲ್ಲಿ ಬೆಳೆದ ಹೆಣ್ಣು 35 ಇವೆ ಅಂತಿಟ್ಟುಕೊಳ್ಳಿ. ಶರತ್ಕಾಲದವರೆಗೆ ಬದುಕಿ ಬಂದ ಮರಿ ಹೆಣ್ಣೊಂದಕ್ಕೆ 0.8, ಅಂದರೆ 28. ಅದರಲ್ಲಿ ಅರ್ಧ, 14, ಹೆಣ್ಣುಮರಿ. ಒಟ್ಟು ಹೆಣ್ಣು 49. ರಸ್ತೆ, ಚಳಿ, ಕಯೋಟಿ (ಸಣ್ಣ ತೋಳದಂಥ ಪ್ರಾಣಿ), ರೋಗ ಎಲ್ಲ ಸೇರಿ ನೂರಕ್ಕೆ 10 ಹೋದರೆ ಸುಮಾರು 5. ಮುಂದಿನ ವರ್ಷವೂ 35ರಲ್ಲೇ ನಿಲ್ಲಬೇಕಾದರೆ ಬೇಟೆಯಲ್ಲಿ 9 ಹೆಣ್ಣು ಇಳಿಯಬೇಕು. ಬೆಳೆದ ಹೆಣ್ಣಿನ ಕಾಲು ಭಾಗ. ಹಿಂಡು ಇಳಿಸಬೇಕಾದರೆ ಅದಕ್ಕಿಂತ ಹೆಚ್ಚು.

ಈಗ ಮರಿಯ ಲೆಕ್ಕ 0.8 ಬದಲು 0.5 ಮಾಡಿ ನೋಡಿ. ಹೆಣ್ಣುಮರಿ 9, ಒಟ್ಟು 44, ಬೇರೆ ಸಾವು 4. ಬೇಟೆಗೆ ಉಳಿದ ಪಾಲು 5 ಮಾತ್ರ. ಅಂದರೆ "ನೂರಕ್ಕೆ 25 ಹೆಣ್ಣು ಹೊಡಿ" ಅನ್ನೋ ಸೂತ್ರವನ್ನು ಮರಿ ತಿನ್ನೋ ಕರಡಿ, ಕಯೋಟಿ, ಬಾಬ್‌ಕ್ಯಾಟ್ ಮೂರೂ ಇರೋ ಕಾಡಿಗೆ ಹಾಗೇ ಅಂಟಿಸಿದರೆ ನಾಲ್ಕೈದು ವರ್ಷದಲ್ಲಿ ಅಟ್ಟಣೆಯಲ್ಲಿ ಕೂತು ಅಳಿಲು ಎಣಿಸಬೇಕಾಗುತ್ತೆ. ಮರಿಯ ಅನುಪಾತ ಗೊತ್ತಿಲ್ಲದೆ ಹೆಣ್ಣಿನ ಸಂಖ್ಯೆ ನಿರ್ಧರಿಸಬೇಡಿ.

ಫ್ರೀಜರ್ ಫಸ್ಟ್
ಇದನ್ನೇ ನಾವು 20 ವರ್ಷದಿಂದ ಹೇಳ್ತಿರೋದು. 2002ರಲ್ಲಿ ಈ ರಾಜ್ಯದಲ್ಲಿ ಕೊಂಬಿಲ್ಲದ ಜಿಂಕೆಗೆ (ಹೆಣ್ಣು, ಮರಿ) ಕೊಟ್ಟ ಲೈಸೆನ್ಸ್ 10 ಲಕ್ಷ ದಾಟಿತ್ತು, ಬಿದ್ದ ಜಿಂಕೆ ಒಟ್ಟು 5 ಲಕ್ಷಕ್ಕೂ ಮೇಲೆ. ಲೈಸೆನ್ಸ್ ಹಂಚೋದು ದೊಡ್ಡ ವಲಯದ ಲೆಕ್ಕದಲ್ಲಿ. ಒಂದೊಂದು ವಲಯ ಎಷ್ಟೋ ನೂರು ಚದರ ಮೈಲಿ. ಆದರೆ ಕೋವಿ ಹಿಡಿದವರು ಹೋಗೋದು ರಸ್ತೆಯಿಂದ ಅರ್ಧ ಮೈಲಿಯೊಳಗಿನ ಸರ್ಕಾರಿ ಕಾಡಿಗೆ. ಪಕ್ಕದ, ಪ್ರವೇಶ ಇಲ್ಲ ಅಂತ ಬೋರ್ಡು ಹಾಕಿದ ಖಾಸಗಿ ಜಮೀನಿನಲ್ಲಿ ಜಿಂಕೆ ಆರಾಮಾಗಿ ಮೇಯ್ತಿರುತ್ತೆ. ಸರಾಸರಿ ಕಾಗದದ ಮೇಲೆ ಸರಿ ಕಾಣುತ್ತೆ. ಒಂದು ಕಡೆ ಖಾಲಿ, ಒಂದು ಕಡೆ ತುಂಬಿ ತುಳುಕೋದು ಅದರಲ್ಲಿ ಕಾಣಲ್ಲ. ಸಿದ್ದು, ನಿಮ್ಮ ಚದರ ಮೈಲಿ ಯಾವ ಕಡೆಯದು ಅಂತ ಮೊದಲು ತಿಳ್ಕೊಳ್ಳಿ.

ಅಲೆಗೇನಿ ಅಟ್ಟಣೆ
ಇದನ್ನು ಒಪ್ಪುತ್ತೇನೆ. ಆದರೆ ಅದು ಹಂಚಿಕೆಯ ತಪ್ಪು. ಹೆಣ್ಣು ಹೊಡೆಯೋದೇ ತಪ್ಪು ಅಂತ ಅದರಿಂದ ಸಾಬೀತಾಗಲ್ಲ.

ಸಸ್ಕ್ವೆಹಾನ್ನ ಸಿದ್ದು
ಮರಿಯ ಅನುಪಾತ ತಿಳಿಯೋದು ಹೇಗೆ? ಟ್ರೈಲ್ ಕ್ಯಾಮೆರಾ (ಜಾಡಿನ ಮರಕ್ಕೆ ಕಟ್ಟೋದು, ತಾನೇ ಚಿತ್ರ ತೆಗೆಯುತ್ತೆ) ಆರು ಇವೆ. ಇನ್ನೊಂದು, ನಮ್ಮಲ್ಲಿ ಗಂಡಿಗೆ ಹತ್ತು ಹೆಣ್ಣು ಅಂತ ಎಲ್ಲರೂ ಹೇಳ್ತಾರೆ.

ಕವಲುಗೊಂಬು
ಎರಡನೆಯದು ಮೊದಲು. ಒಂದಕ್ಕೆ ಹತ್ತು ಆಗೋಕೆ ಸಾಧ್ಯವೇ ಇಲ್ಲ. 10 ಹೆಣ್ಣಿಗೆ 8 ಮರಿ ಉಳಿದರೆ 4 ಗಂಡು, 4 ಹೆಣ್ಣು. ಹೋದ ವರ್ಷ ಬೆಳೆದ ಗಂಡು ಒಂದೂ ಬಿಡದೆ ಹೊಡೆದಿದ್ದೀರಿ ಅಂತಲೇ ಇಟ್ಟುಕೊಳ್ಳಿ. ಆದರೂ ಈ ವರ್ಷ ಬೇಟೆಗೆ ಮುಂಚೆ 14 ಹೆಣ್ಣಿಗೆ 4 ಗಂಡು ಇರುತ್ತೆ, ಅಂದರೆ ಒಂದಕ್ಕೆ ಮೂರೂವರೆ. ಮರಿ ಹುಟ್ಟುತ್ತಾ ಇರೋವರೆಗೆ ಅನುಪಾತ ಅದಕ್ಕಿಂತ ಬಹಳ ಕೆಡಲ್ಲ. ಹತ್ತು ಕಾಣಿಸೋದು ಯಾಕೆಂದರೆ ಹೊಲದಂಚಿನಲ್ಲಿ ಮರಿಗಳನ್ನೂ ಸೇರಿಸಿ "ಹೆಣ್ಣು" ಅಂತ ಎಣಿಸ್ತೀವಿ, ಗಂಡು ಹಗಲಲ್ಲಿ ಹೊರಗೆ ಬರಲ್ಲ.

ಕ್ಯಾಮೆರಾ ಸಮೀಕ್ಷೆ: 100 ಎಕರೆಗೆ ಒಂದು, ನಿಮಗೆ ಆರು ಸರಿಯಾಗುತ್ತೆ. 10ರಿಂದ 14 ದಿನ. ಗಂಡುಗಳನ್ನು ಕೊಂಬಿನ ಆಕಾರ ನೋಡಿ ಬೇರೆ ಬೇರೆ ಗುರುತಿಸಿ. ಗಂಡಿನ ಒಟ್ಟು ಚಿತ್ರ 120, ಬೇರೆ ಬೇರೆ ಗಂಡು 12 ಅಂದರೆ ಗುಣಕ 0.1. ಹೆಣ್ಣಿನ ಚಿತ್ರ 240 ಇದ್ದರೆ ಹೆಣ್ಣು 24, ಮರಿಯ ಚಿತ್ರ 150 ಇದ್ದರೆ ಮರಿ 15. ಹೆಣ್ಣೊಂದಕ್ಕೆ 0.63 ಮರಿ.

ಎಡವೋದು ಎಲ್ಲಿ ಅಂದ್ರೆ, ಆಗಸ್ಟ್ ಮೊದಲಲ್ಲೇ ಮಾಡಿದರೆ ಮರಿ ತಾಯಿ ಹಿಂದೆ ಇನ್ನೂ ಪೂರ್ತಿ ಓಡಾಡ್ತಿರಲ್ಲ, ಲೆಕ್ಕ ಕಮ್ಮಿ ಬೀಳುತ್ತೆ. ಬೆದೆ ಶುರುವಾದ ಮೇಲೆ ಮಾಡಿದರೆ ಹೊರಗಿನ ಗಂಡು ಹಾದುಹೋಗಿ ಲೆಕ್ಕ ಉಬ್ಬುತ್ತೆ. ಸೆಪ್ಟೆಂಬರ್ ಒಳ್ಳೇದು. ಮೂಲ ವಿಧಾನ ಮೇವು ಹಾಕಿ ಮಾಡೋದು. ಪೆನ್ಸಿಲ್ವೇನಿಯಾದಲ್ಲಿ ಸಿಡಬ್ಲ್ಯುಡಿ ಅನ್ನೋ ಜಿಂಕೆ ರೋಗಕ್ಕೆ ಗುರುತಿಸಿದ ನಿರ್ವಹಣಾ ವಲಯಗಳಲ್ಲಿ ಜಿಂಕೆಗೆ ಮೇವು ಹಾಕೋದು ನಿಷಿದ್ಧ, ನಿಮ್ಮ ಜಮೀನು ಆ ಗೆರೆಯೊಳಗಿದ್ದರೆ ಬರೀ ಜಾಡಿನ ಮೇಲೆ ಕಟ್ಟಿ. ಆಗ ಒಟ್ಟು ಸಂಖ್ಯೆಯ ಮೇಲೆ ಭಾರ ಹಾಕಬೇಡಿ, ಮರಿ-ಹೆಣ್ಣಿನ ಅನುಪಾತ ಮಾತ್ರ ತಗೊಳ್ಳಿ. ಪ್ರತಿ ವರ್ಷ ಅದೇ ಮರ, ಅದೇ ವಾರ.

ಹಿಲ್ ಕಂಟ್ರಿ ಹುಬ್ಬಳ್ಳಿ
ಟೆಕ್ಸಾಸ್ ಕಡೆಯಿಂದ ಒಂದ್ ಮಾತು. ಕಡ್ಡಿಕೊಂಬಿನ ಜಗಳ ಇಲ್ಲಿ 1970ರ ದಶಕದಿಂದ ನಡದೈತ್ರಿ. ಕೆರ್ ಕೌಂಟಿಯ ಸರ್ಕಾರಿ ದೊಡ್ಡಿಯೊಳಗ ಸಾಕಿದ ಜಿಂಕಿ ಮ್ಯಾಲೆ ಪರೀಕ್ಷಾ ಮಾಡಿ, ಒಂದೂವರೆ ವರ್ಷಕ್ಕ ಕಡ್ಡಿ ಇದ್ದದ್ದು ಮುಂದನೂ ಸಣ್ಣ ಕೊಂಬಿಂದs ಆಗ್ತದ, ತಳಿ ಗುಣ ಅದ ಅಂತ ಹೇಳಿದ್ರು. ಮಿಸಿಸಿಪ್ಪಿ ಕಡೆಯವರು ಇಲ್ಲ, ತಡಾ ಹುಟ್ಟಿದ ಮರಿ, ಬಡಕಲು ತಾಯಿ, ಮೇವಿನ ಕೊರತಿ ಇದಕ್ಕ ಕಾರಣ, ಮೂರು-ನಾಲ್ಕು ವರ್ಷಕ್ಕ ಭಾಳಷ್ಟು ಸರಿಹೋಗ್ತದ ಅಂದ್ರು. ಎರಡೂ ಕಡೆ ದೊಡ್ಡಿ ಜಿಂಕಿನs.

ಆಮ್ಯಾಲೆ ದಕ್ಷಿಣ ಟೆಕ್ಸಾಸಿನ ಕೊಮಾಂಚಿ ರ‍್ಯಾಂಚ್‌ನ್ಯಾಗ ಬಯಲಿನ ಜಿಂಕಿ ಮ್ಯಾಲೆನs ಮಾಡಿ ನೋಡ್ಯಾರ. ಬಲಿ ಹಾಕಿ ಹಿಡಿದು, ಕೊಂಬು ಅಳೆದು, ಕಡಿಮಿ ಇದ್ದದ್ದನ್ನ ವರ್ಷಾ ವರ್ಷಾ ತೆಗದ್ರು. ಕೊಂಬಿನ ಸರಾಸರಿ ಏರಲೇ ಇಲ್ಲ. ಕಡೀಕ ಗಂಡಿನ ಸಂಖ್ಯಾನs ಬಿತ್ತು. ಯಾಕಂದ್ರ ಒಂದ್ ಗಂಡು ವರ್ಷಕ್ಕ ಹುಟ್ಟಿಸೋ ಮರಿ ಬೆರಳೆಣಿಕಿ, ಅರ್ಧ ಗುಣ ತಾಯಿಂದು, ಆಕಿ ಕೊಂಬು ನೀವು ಎಲ್ಲಿ ನೋಡ್ತೀರಿ?

ಕವಲುಗೊಂಬು
ಸಿದ್ದು ಅವರ ಎರಡನೇ ಮನೆಯವರಿಗೆ ಇದಕ್ಕಿಂತ ಸರಳ ಉತ್ತರವಿದೆ. ಪೆನ್ಸಿಲ್ವೇನಿಯಾದಲ್ಲಿ ಸಾಮಾನ್ಯ ಲೈಸೆನ್ಸಿನ ವಯಸ್ಕರು ಕಡ್ಡಿಕೊಂಬಿನ ಗಂಡು ಹೊಡೆಯೋದೇ ಕಾನೂನುಬಾಹಿರ. 2002ರಿಂದ ಕೊಂಬಿನ ನಿಯಮ ಇದೆ. ರಾಜ್ಯದ ಬಹುಭಾಗದಲ್ಲಿ ಒಂದು ಬದಿಗೆ ಮೂರು ಕವಲು. ಪಶ್ಚಿಮದ 1ಎ, 1ಬಿ, 2ಎ, 2ಬಿ, 2ಡಿ ವಲಯಗಳಲ್ಲಿ ಹುಬ್ಬಿನ ಕವಲು (ಬುಡದ ಮೊದಲ ಕವಲು) ಬಿಟ್ಟು ಮೂರು. ಕವಲು ಅನ್ನಿಸಿಕೊಳ್ಳೋಕೆ ಕನಿಷ್ಠ 1 ಇಂಚು ಉದ್ದ ಇರಬೇಕು, ಮುಖ್ಯ ಕೊಂಬಿನ ತುದಿಯನ್ನೂ ಒಂದಾಗಿ ಎಣಿಸಬೇಕು. ಕಿರಿಯರ ಲೈಸೆನ್ಸಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿ: ಒಂದು ಬದಿಗೆ ಎರಡು ಕವಲು, ಅಥವಾ 3 ಇಂಚಿನ ಕಡ್ಡಿ. ಎರಡೂ ಕೊಂಬು 3 ಇಂಚಿಗಿಂತ ಗಿಡ್ಡ ಇದ್ದರೆ ಅದು ಕೊಂಬಿಲ್ಲದ ಜಿಂಕೆಯ ಲೆಕ್ಕಕ್ಕೆ ಬರುತ್ತೆ.

ನಿಯಮ ಕೆಲಸ ಮಾಡಿದೆ ಅಂತಲೇ ನನ್ನ ವಾದ. ಅದಕ್ಕೆ ಮುಂಚೆ ಇಲ್ಲಿ ಬೀಳ್ತಿದ್ದ ಗಂಡುಗಳಲ್ಲಿ ನೂರಕ್ಕೆ 80ರಷ್ಟು ಒಂದೂವರೆ ವರ್ಷದವು. ಈಗ ಬಹುಪಾಲು ಎರಡೂವರೆ ದಾಟಿದವು.

ಫ್ರೀಜರ್ ಫಸ್ಟ್
ಕೆಲಸ ಮಾಡಿದೆ, ಸರಿ. ಪಕ್ಕಪರಿಣಾಮವನ್ನೂ ಹೇಳಿ ಅಣ್ಣ. ಕವಲು ಎಣಿಸೋ ನಿಯಮ ವಯಸ್ಸು ಅಳೆಯಲ್ಲ. ಒಂದೂವರೆ ವರ್ಷಕ್ಕೇ ಆರು-ಎಂಟು ಕವಲು ಬಿಟ್ಟ ಚುರುಕಿನ ಮರಿ ಅದೇ ವರ್ಷ ಸಾಯುತ್ತೆ, ಕಡ್ಡಿಯವನು ಬದುಕ್ತಾನೆ. ಮಿಸಿಸಿಪ್ಪಿಯಲ್ಲಿ 1990ರ ದಶಕದ ನಾಲ್ಕು ಕವಲಿನ ನಿಯಮದಿಂದ ಆದದ್ದು ಇದೇ. ಅದೇ ವಯಸ್ಸಿನ ಗಂಡುಗಳ ಕೊಂಬು ಹಿಂದಿಗಿಂತ ಸಣ್ಣದಾಯಿತು. ಕೊನೆಗೆ ಕವಲು ಬಿಟ್ಟು ಕೊಂಬಿನ ಒಳ ಅಗಲ ಮತ್ತು ಉದ್ದಕ್ಕೆ ಬದಲಾಯಿಸಿದರು.

ಹಿಲ್ ಕಂಟ್ರಿ ಹುಬ್ಬಳ್ಳಿ
ಅದಕ್ಕs ನಮ್ಮಲ್ಲಿ 13 ಇಂಚಿನ ನಿಯಮ. 2002ರಾಗ ಆರು ಕೌಂಟಿಯೊಳಗ ಶುರು. ಕೊಂಬಿನ ಒಳ ಅಗಲ 13 ಇಂಚು ಇರಬೇಕು, ಇಲ್ಲಾ ಒಂದ್ ಕೊಂಬರೆ ಕವಲಿಲ್ಲದ ಕಡ್ಡಿ ಇರಬೇಕು. ನಡುವಿನವು ಬಚಾವ್. ಅಳತಿ ಮಾಡೂದು ಹ್ಯಾಂಗಂದ್ರ, ಕಿವಿ ನಿಗರಿಸಿ ನಿಮ್ಮ ಕಡೆ ನೆಟ್ಟಗ ನೋಡಿದಾಗ ಕಿವಿ ತುದಿಯಿಂದ ತುದಿಗೆ ಹತ್ತಿರತ್ತಿರ 13 ಇಂಚು. ಕೊಂಬು ಕಿವಿ ದಾಟಿ ಹೊರಗ ಕಂಡ್ರ ಆತು. ಕಿವಿ ಹಿಂದಕ್ಕ ಮಡಚಿದಾಗ ಅಥವಾ ಓರೆ ನಿಂತಾಗ ಅಂದಾಜು ಮಾಡಿದ್ರ ಕೈ ಸುಟ್ಟುಕೋತೀರಿ. ಇದು ಟೆಕ್ಸಾಸ್ ಜಿಂಕಿ ಅಳತಿ, ಉತ್ತರದ ದೊಡ್ಡ ಮೈಯವಕ್ಕ ಹಚ್ಚಬ್ಯಾಡ್ರಿ.

ಸಸ್ಕ್ವೆಹಾನ್ನ ಸಿದ್ದು
ಹಾಗಾದರೆ ಕೊಂಬು ಬಿಟ್ಟು ಮೈ ನೋಡಿ ವಯಸ್ಸು ಹೇಳೋದು ಹೇಗೆ?

ಕವಲುಗೊಂಬು
ನವೆಂಬರ್ ಬೆದೆಗಾಲದ ಗುರುತು ಹೇಳ್ತೀನಿ.

ಒಂದೂವರೆ: ಕೊಂಬಿಟ್ಟ ಹೆಣ್ಣಿನ ಹಾಗೆ. ಕಾಲು ಮೈಗೆ ಮೀರಿ ಉದ್ದ, ಕುತ್ತಿಗೆ ತೆಳು. ಎರಡೂವರೆ: ಕಾಲು ಇನ್ನೂ ಉದ್ದವೇ, ಸೊಂಟ ಸಣ್ಣ, ಕುತ್ತಿಗೆ ಸ್ವಲ್ಪ ಊದಿರುತ್ತೆ. ಮೂರೂವರೆ: ಎದೆ ತುಂಬಿರುತ್ತೆ, ಕುತ್ತಿಗೆ ಊದಿದ್ದರೂ ಹೆಗಲಿಗೆ ಸೇರೋ ಕಡೆ ಗೆರೆ ಕಾಣುತ್ತೆ, ಹೊಟ್ಟೆ ಬಿಗಿ, ರೇಸ್ ಕುದುರೆಯ ಮೈಕಟ್ಟು. ನಾಲ್ಕೂವರೆ ಮತ್ತು ಮೇಲೆ: ಕುತ್ತಿಗೆ ಹೆಗಲೊಳಗೆ ಕರಗಿಹೋಗಿರುತ್ತೆ, ಸೊಂಟ ಎದೆಯಷ್ಟೇ ಆಳ, ಕಾಲು ಗಿಡ್ಡ ಕಾಣುತ್ತೆ. ಆರು ದಾಟಿದರೆ ಹೊಟ್ಟೆ ಜೋತು, ಬೆನ್ನು ತುಸು ಬಾಗು.

ಇದೇ ಗುರುತು ಸೆಪ್ಟೆಂಬರಿನಲ್ಲಿ ನಡೆಯಲ್ಲ, ಕುತ್ತಿಗೆ ಊದಿರಲ್ಲ. ಡಿಸೆಂಬರಿನಲ್ಲೂ ನಡೆಯಲ್ಲ, ಬೆದೆಯಲ್ಲಿ ಓಡಾಡಿ ಬಡಕಲಾಗಿ ನಾಲ್ಕರದ್ದು ಮೂರರ ಹಾಗೆ ಕಾಣುತ್ತೆ.

ಬಿದ್ದ ಮೇಲೆ ಪ್ರತಿಯೊಂದರ ಕೆಳದವಡೆ ತೆಗೆದಿಡಿ, ಹೆಣ್ಣಿನದೂ. ದವಡೆಯ ಮೂರನೇ ಹಲ್ಲಿಗೆ ಮೂರು ಗೂಟ (ಮೇಲಿನ ಉಬ್ಬು) ಇದ್ದರೆ ಒಂದೂವರೆ ಅಥವಾ ಕಡಿಮೆ. ಮೂರು ಗೂಟದ ಹಲ್ಲು ಬಿದ್ದು ಎರಡು ಗೂಟದ್ದು ಪೂರ್ತಿ ಬಂದಿದ್ದರೆ ಅದಕ್ಕಿಂತ ಹೆಚ್ಚು. ಅದರಾಚೆ ದವಡೆಹಲ್ಲಿನ ಸವೆತ ನೋಡಬೇಕು. ನಾಲ್ಕನೇ ಹಲ್ಲಿನ ನಾಲಿಗೆ ಕಡೆಯ ಏಣಿನಲ್ಲಿ ಕಂದು ಡೆಂಟಿನ್ (ಹಲ್ಲಿನ ಒಳಪದರ) ಪಟ್ಟಿ ಪಕ್ಕದ ಬಿಳಿ ಎನಾಮೆಲ್‌ಗಿಂತ ಅಗಲ ಇದ್ದರೆ ಮೂರೂವರೆ, ಐದನೆಯದೂ ಹಾಗಾದರೆ ನಾಲ್ಕೂವರೆ. ಮರಳು ನೆಲದಲ್ಲಿ ಹಲ್ಲು ಬೇಗ ಸವೆಯುತ್ತೆ, ಆದ್ದರಿಂದ ಎರಡೂವರೆಯ ಮೇಲೆ ಇದು ಅಂದಾಜು ಅಷ್ಟೇ. ಖಚಿತ ಬೇಕಿದ್ದರೆ ಮುಂದಿನ ಬಾಚಿಹಲ್ಲನ್ನು ಬೇರು ಮುರಿಯದೆ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿ, ಬೇರಿನ ಮೇಲೆ ವರ್ಷ ವರ್ಷ ಕೂಡೋ ಸಿಮೆಂಟಮ್ ಪದರ ಎಣಿಸಿ ಹೇಳ್ತಾರೆ.

ಅಲೆಗೇನಿ ಅಟ್ಟಣೆ
ಮೂರನೇ ಮನೆಯವರ ನಾಲ್ಕು ವರ್ಷದ ಆಸೆಗೆ ಒಂದು ಅಡ್ಡಿ. 640 ಎಕರೆಯಲ್ಲಿ ನೀವು ಬಿಟ್ಟ ಮರಿಗಂಡು ನಿಮ್ಮಲ್ಲೇ ಉಳಿಯಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ ವಸಂತದಲ್ಲಿ ತಾಯಿ ಮತ್ತು ಅದರ ಬಳಗ ಓಡಿಸುತ್ತೆ, ಶರತ್ಕಾಲದಲ್ಲಿ ಬೆದೆಯ ಜಗಳ ಓಡಿಸುತ್ತೆ. ಅರ್ಧಕ್ಕಿಂತ ಹೆಚ್ಚು ಗಂಡು ಹೀಗೆ ಹಲವು ಮೈಲಿ ದೂರ ಹೋಗಿ ನೆಲೆಸುತ್ತೆ. ಬೇರೆಯವರ ಜಮೀನಿನಿಂದ ನಿಮಗೂ ಬರುತ್ತೆ. ಹಾಗಾಗಿ ಗಂಡಿನ ವಯಸ್ಸು ನೆರೆಹೊರೆಯ ಒಪ್ಪಂದದ ವಿಷಯ, ಒಂದು ಚದರ ಮೈಲಿಯವರ ಕೈಯಲ್ಲಿಲ್ಲ. ಹೆಣ್ಣು ಹಾಗಲ್ಲ. ಬಹುಪಾಲು ಹುಟ್ಟಿದ ಕಡೆಯೇ ಇರುತ್ತೆ. ನಿಮ್ಮ ಜಮೀನಿನಲ್ಲಿ ನೀವು ನಿಜಕ್ಕೂ ನಿರ್ವಹಿಸಬಹುದಾದದ್ದು ಹೆಣ್ಣನ್ನು, ಗಂಡನ್ನಲ್ಲ. ನಾಲ್ಕು ಮನೆ ಜಗಳ ಆಡ್ತಿರೋದು ಬಹುಪಾಲು ಗಂಡಿನ ಮೇಲೆ, ಅದೇ ವಿಚಿತ್ರ.

ಫ್ರೀಜರ್ ಫಸ್ಟ್
ಈ ಸಾಲನ್ನು ಅಚ್ಚು ಹಾಕಿಸಿ ನಾಲ್ಕು ಮನೆ ಬಾಗಿಲಿಗೂ ಅಂಟಿಸಿ.

ಡೇನ್ ಕೌಂಟಿ
ವಿಸ್ಕಾನ್ಸಿನ್‌ನಿಂದ. ಹೆಣ್ಣು ಹೊಡೆಯಿರಿ ಅಂತ ಹೇಳೋದು ಬೇರೆ, ಜನ ಹೊಡೆಯೋ ಹಾಗೆ ಮಾಡೋದು ಬೇರೆ. ಇಲ್ಲಿ 1996ರಿಂದ ಕೆಲವು ವಲಯಗಳಲ್ಲಿ ಒಂದು ನಿಯಮ ಇತ್ತು, ಮೊದಲು ಕೊಂಬಿಲ್ಲದ ಜಿಂಕೆ ತೋರಿಸಿ, ಆಮೇಲೆ ಗಂಡಿನ ಟ್ಯಾಗ್. ಹೆಣ್ಣಿನ ಸಂಖ್ಯೆ ಇಳಿಸೋಕೆ ಇಷ್ಟು ಪರಿಣಾಮಕಾರಿ ನಿಯಮ ಇನ್ನೊಂದಿರಲಿಲ್ಲ, ಬೈಗುಳ ತಿಂದದ್ದೂ ಇದರಷ್ಟು ಇನ್ನೊಂದಿಲ್ಲ. 2011ರಲ್ಲಿ ಶಾಸನಸಭೆಯೇ ರದ್ದು ಮಾಡಿತು.

ನಮ್ಮಲ್ಲಿ ದೊಡ್ಡ ಪ್ರಶ್ನೆ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್), ಜಿಂಕೆಯ ಮಿದುಳು ಕೊರೆಯೋ ಪ್ರಿಯಾನ್ (ರೂಪಗೆಟ್ಟ ಪ್ರೋಟೀನ್) ರೋಗ. ಇಲ್ಲಿ 2002ರಲ್ಲಿ, ನಿಮ್ಮ ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಪತ್ತೆಯಾಯಿತು. ಬೆಳೆದ ಗಂಡಿನಲ್ಲಿ ಹೆಣ್ಣಿಗಿಂತ ಹೆಚ್ಚು, ವಯಸ್ಸಾದಷ್ಟೂ ಹೆಚ್ಚು. "ಗಂಡು ಬಿಡಿ, ಬೆಳೀಲಿ" ಅನ್ನೋ ಕೊಂಬಿನ ನಿಯಮಕ್ಕೂ ರೋಗ ನಿಯಂತ್ರಣಕ್ಕೂ ಇಲ್ಲಿ ನೇರ ಘರ್ಷಣೆ. ದೂರ ಹೋಗುವ ಮರಿಗಂಡನ್ನೂ ನಿಯಮವೇ ಕಾಪಾಡಿ ಕಳಿಸುತ್ತೆ. ಮಿಸ್ಸೌರಿಯವರು ರೋಗದ ಕೌಂಟಿಗಳಲ್ಲಿ ಕವಲಿನ ನಿಯಮ ತೆಗೆದುಹಾಕಿದರು.

ಕವಲುಗೊಂಬು
ರೋಗ ಇರೋ ಕಡೆ ನಿಮ್ಮ ಮಾತಿಗೆ ತೂಕ ಇದೆ. ರೋಗ ಕಾಣದ ಕಡೆಗೂ ಅದೇ ಕಾರಣ ಕೊಟ್ಟು ಮರಿಗಂಡು ಸವರಿ ಹಾಕೋದನ್ನು ಒಪ್ಪಲ್ಲ. ಒಂದೂವರೆ ವರ್ಷದವುಗಳಲ್ಲಿ ರೋಗದ ಪ್ರಮಾಣ ಕಡಿಮೆ.

ಡೇನ್ ಕೌಂಟಿ
ಕಡಿಮೆ, ಹೌದು. ಆದರೆ ದೂರ ನಡೆಯೋದು ಅವೇ. ರೋಗ ಕಾಣುತ್ತಿಲ್ಲ ಅನ್ನೋಕೆ ಎಷ್ಟು ತಲೆ ಪರೀಕ್ಷೆಗೆ ಕೊಟ್ಟಿದ್ದೀರಿ ಅನ್ನೋದೂ ಮುಖ್ಯ.

ಹಿಲ್ ಕಂಟ್ರಿ ಹುಬ್ಬಳ್ಳಿ
ಈ ಎಲ್ಲಾ ಬೆದೆ-ಋತು ಲೆಕ್ಕ ಕೈಕೊಡೂದು ನಮ್ಮ ಬಂಡೀಪುರದ ಚುಕ್ಕಿ ಜಿಂಕಿ ಮುಂದ. 1932ರಾಗ ತಂದು ಬಿಟ್ಟಾರ, ಈಗ ಟೆಕ್ಸಾಸ್ ಹಿಲ್ ಕಂಟ್ರಿ ತುಂಬ ಅದ. ಊರಾಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣಾ, ಇಲ್ಲಿ ವರ್ಷಪೂರ್ತಿ ಹೊಡೀಬಹುದು. ಹುಲಿಯೂ ಇಲ್ಲ, ಕಾಡುನಾಯಿಯೂ ಇಲ್ಲ. ಎಲಿ-ಸೊಪ್ಪು ಮುಗದ್ರ ಬಿಳಿಬಾಲದ್ದು ಸೊರಗ್ತದ, ಚುಕ್ಕಿದು ಹುಲ್ಲು ತಿಂದು ದಪ್ಪಗs ಇರ್ತದ. ಯಾವ ತಿಂಗಳಾಗಾದ್ರೂ ಮರಿ ಹಾಕ್ತದ. ಅದರ ಹೆಣ್ಣು ಬಿಟ್ಟು ಬಿಳಿಬಾಲದ ಹೆಣ್ಣು ಮಾತ್ರ ಹೊಡೆದ್ರ ಹೊಲ ಅದರ ಕೈಗೆ ಕೊಟ್ಟಂಗ.

ಸಸ್ಕ್ವೆಹಾನ್ನ ಸಿದ್ದು
ಇದೆಲ್ಲ ನಾಲ್ಕು ಮನೆಗೂ ಓದಿಸ್ತೀನಿ. ಹೆಣ್ಣು ಅಂದುಕೊಂಡು ಗಂಡುಮರಿ ಹೊಡೆಯೋದು ತಪ್ಪಿಸೋದು ಹೇಗೆ? ಯಾವ ವಾರ ಹೊಡೆದರೆ ಒಳ್ಳೇದು?

ಅಲೆಗೇನಿ ಅಟ್ಟಣೆ
ಒಂಟಿಯಾಗಿ ಬಂದ ಕೊಂಬಿಲ್ಲದ ಜಿಂಕೆಗೆ ಹೊಡೆಯಬೇಡಿ. ಸಂಜೆ ಹೊಲಕ್ಕೆ ಎಲ್ಲರಿಗಿಂತ ಮೊದಲು ಧೈರ್ಯವಾಗಿ ಬರೋದು ಎಷ್ಟೋ ಸಲ ಗಂಡುಮರಿಯೇ. ಎರಡು ಮೂರು ಒಟ್ಟಿಗೆ ನಿಲ್ಲೋವರೆಗೆ ಕಾದು ಹೋಲಿಸಿ. ಬೆಳೆದ ಹೆಣ್ಣಿನ ಮೈ ಆಯತ, ಮೂತಿ ಉದ್ದ. ಮರಿಯ ಮೈ ಚೌಕ, ಮೂತಿ ಮೊಂಡು. ಗಂಡುಮರಿಯ ನೆತ್ತಿ ಕಿವಿಗಳ ನಡುವೆ ಚಪ್ಪಟೆ, ಹೆಣ್ಣಿನದು ದುಂಡು. ದುರ್ಬೀನಿನಲ್ಲಿ ಕೊಂಬಿನ ಗುಬ್ಬಿ ನೋಡಿ. ಮಬ್ಬು ಬೆಳಕಾದರೆ ಬಿಟ್ಟುಬಿಡಿ. ಇಳಿಸಿದ ಕೊಂಬಿಲ್ಲದ ಜಿಂಕೆಗಳಲ್ಲಿ ಗಂಡುಮರಿ ನೂರಕ್ಕೆ 10ಕ್ಕಿಂತ ಕೆಳಗಿರಲಿ.

ವಾರದ ವಿಚಾರ: ಆದಷ್ಟು ಮುಂಚೆ, ಬೆದೆಗೆ ಮೊದಲು. ಆಗ ಮರಿ ಚಿಕ್ಕದು, ತಾಯಿಗೂ ಮರಿಗೂ ವ್ಯತ್ಯಾಸ ಸ್ಪಷ್ಟ. ಅಕ್ಟೋಬರಿನ ಹೊತ್ತಿಗೆ ಮರಿ ಹಾಲು ಬಿಟ್ಟು ಮೇಯ್ತಿರುತ್ತೆ, ತಾಯಿ ಇಲ್ಲದಿದ್ದರೂ ಬದುಕುತ್ತೆ. ತೆಗೆದ ಪ್ರತಿ ಬಾಯಿಯ ಚಳಿಗಾಲದ ಮೇವು ಉಳಿದವಕ್ಕೆ ಸಿಗುತ್ತೆ. ಜನವರಿಗೆ ಎಳೆದರೆ ಇನ್ನೊಂದು ಅಪಾಯ, ಡಿಸೆಂಬರ್ ಕೊನೆಯಿಂದ ಗಂಡುಗಳು ಕೊಂಬು ಉದುರಿಸೋಕೆ ಶುರು ಮಾಡುತ್ತವೆ. "ಹೆಣ್ಣು" ಅಂತ ಹೊಡೆದು ಹತ್ತಿರ ಹೋದರೆ ನೆತ್ತಿಯಲ್ಲಿ ಎರಡು ಹಸಿ ಗಾಯದ ಗುರುತು.

ಫ್ರೀಜರ್ ಫಸ್ಟ್
ಮುಂಚೆ ಹೊಡೆಯೋದಾದರೆ ಬಿಸಿಲು ಮರೀಬೇಡಿ. 50 ಡಿಗ್ರಿ ಫ್ಯಾರನ್‌ಹೀಟ್ ಮೇಲಿದ್ದರೆ ರಾತ್ರಿ ನೇತುಹಾಕೋ ಮಾತೇ ಇಲ್ಲ. ಕರುಳು ಕೂಡಲೇ ತೆಗೆದು, ಚರ್ಮ ಸುಲಿದು, ಕಾಲು ಬಿಡಿಸಿ ಐಸ್ ಪೆಟ್ಟಿಗೆಗೆ. ಕರಗಿದ ನೀರು ಹೊರಹೋಗೋ ತೂತು ತೆರೆದಿರಲಿ, ಮಾಂಸ ನೀರಲ್ಲಿ ನೆನೆದರೆ ಬಿಳಚುತ್ತೆ.

ಡೇನ್ ಕೌಂಟಿ
ಕಾಲು ಬಿಡಿಸುವಾಗ ಬೆನ್ನುಹುರಿಗೆ ಗರಗಸ ಹಾಕಬೇಡಿ, ಮೂಳೆಯಿಂದ ಮಾಂಸ ಬಿಡಿಸಿಕೊಳ್ಳಿ. ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ, ದುಗ್ಧಗ್ರಂಥಿ ಇಷ್ಟನ್ನೂ ತಿನ್ನೋ ಮಾಂಸಕ್ಕೆ ಸೇರಿಸದೆ ಬೇರೆ ಮಾಡಿ. ಮನುಷ್ಯರಿಗೆ ಈ ರೋಗ ಅಂಟಿದ ಪ್ರಕರಣ ದೃಢಪಟ್ಟಿಲ್ಲ, ಆದರೂ ರೋಗ ಇರೋ ಪ್ರದೇಶದ ಜಿಂಕೆ ಪರೀಕ್ಷಿಸಿ, ಸೋಂಕಿದ್ದರೆ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತೆ. ಬೇಯಿಸಿದರೆ ಪ್ರಿಯಾನ್ ಸಾಯಲ್ಲ. ಚಾಕುವಿಗೆ ಅಂಟಿದ ಚೂರುಪಾರು ಪೂರ್ತಿ ಉಜ್ಜಿ ತೆಗೆದು, 4 ಪಾಲು ಮನೆ ಬ್ಲೀಚ್, 6 ಪಾಲು ನೀರು ಬೆರೆಸಿ 5 ನಿಮಿಷ ನೆನೆಸಿ. ಬ್ಲೀಚ್ ಮಾಂಸದ ಚೂರಿನೊಳಕ್ಕೆ ಇಳಿಯಲ್ಲ, ಅದಕ್ಕೇ ಮೊದಲು ಉಜ್ಜೋದು.

ತಲೆ ಪರೀಕ್ಷೆಗೆ ಕೊಡುವಾಗ ಗಂಟಲ ಹಿಂದಿನ ಗ್ರಂಥಿ ಅದರಲ್ಲೇ ಉಳಿದಿರಬೇಕು. ದವಡೆಗೆ ಅಂಟಿಕೊಂಡು ಕತ್ತರಿಸಿದರೆ ಗ್ರಂಥಿ ಕುತ್ತಿಗೆ ಕಡೆ ಹೋಗುತ್ತೆ, ಮಾದರಿ ವ್ಯರ್ಥ. 4-5 ಇಂಚು ಕುತ್ತಿಗೆ ಸೇರಿಸಿ ಕಡಿಯಿರಿ, ಕೊಂಬು ತೆಗೆದಿಟ್ಟುಕೊಳ್ಳಿ, ಟ್ಯಾಗ್ ಅಕ್ಷರ ಅಳಿಸದ ಹಾಗೆ ಬರೆದು ಕಿವಿಗೆ ಕಟ್ಟಿ, ಚೀಲದ ಬಾಯಿ ಬಿಗಿದು ಪೆಟ್ಟಿಗೆಗೆ ಹಾಕಿ. ವಯಸ್ಸಿಗೆ ದವಡೆ ಬೇಕಿದ್ದರೆ ಕೊಡುವ ಮುಂಚೆ ಕೆನ್ನೆ ಅಗಲಿಸಿ ಟಾರ್ಚ್ ಹಾಕಿ ಹಲ್ಲಿನ ಫೋಟೊ ತೆಗೆದುಕೊಳ್ಳಿ. ದವಡೆ ಕೀಳೋಕೆ ಹೋಗಿ ಗ್ರಂಥಿ ಕೊಯ್ದುಬಿಡೋದು ಬಹಳ.